ಬಾವಿಗೆ ಫಲಕವಿದೆ, ಆತಿಥ್ಯಕ್ಕೆ?

ಬೆಳ್ತಂಗಡಿ ಕಡೆಯ ಅಡಿಕೆ ತೋಟಗಳಲ್ಲಿ ಉದ್ಯೋಗ ಖಾತರಿ ಯೋಜನೆಯಲ್ಲಿ ತೋಡಿದ ಬಾವಿಯ ಪಕ್ಕ ಸಿಮೆಂಟಿನ ಪುಟ್ಟ ಫಲಕವಿರುತ್ತದೆ. ಕಾಮಗಾರಿಯ ಹೆಸರು, ವರ್ಷ, ಕೂಲಿಗೆಷ್ಟು, ಸಾಮಗ್ರಿಗೆಷ್ಟು ಎಲ್ಲ ಅದರಲ್ಲಿದೆ. ಮಳೆಗಾಲದಲ್ಲಿ ಪಾಚಿ ಹಿಡಿದರೂ ಅಂಗೈಯಲ್ಲಿ ಉಜ್ಜಿದರೆ ಓದಬಹುದು. ಸಾಮಾಜಿಕ ಪರಿಶೋಧನೆಯವರು ಬಂದು ಟೇಪು ಹಿಡಿದು ಅಳೆಯುತ್ತಾರೆ, ಗ್ರಾಮಸಭೆಯಲ್ಲಿ ವರದಿ ಓದುತ್ತಾರೆ. ಬಂಟ್ವಾಳದ ಪಂಚಾಯತಿಗಳಲ್ಲೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೀಲಿಸುವ ಜಮಾಬಂದಿ ಇದೆ. ಇದು ಸರಿಯೇ, ಹೀಗೇ ಇರಬೇಕು.

ಈ ಕಣ್ಣು ವಿಧಾನಸೌಧದ ಆತಿಥ್ಯದ ಮೇಲೆ ಯಾಕಿಲ್ಲ?

2018ರ ಮೇ 23ರಂದು ಮುಖ್ಯಮಂತ್ರಿಯಾಗಿ ಎಚ್.ಡಿ. ಕುಮಾರಸ್ವಾಮಿ ಅವರ ಪ್ರಮಾಣವಚನಕ್ಕೆ ಹೊರರಾಜ್ಯಗಳ ನಾಯಕರು ಬಂದರು. ಅವರ ಹೋಟೆಲ್ ಖರ್ಚು ಸುಮಾರು 42 ಲಕ್ಷ ರೂಪಾಯಿ ಎಂದು ಜನರಿಗೆ ತಿಳಿದದ್ದು ತಿಂಗಳುಗಳ ನಂತರ, ಅದೂ ಮಾಹಿತಿ ಹಕ್ಕಿನಿಂದ. ಚಂದ್ರಬಾಬು ನಾಯ್ಡು ಅವರದು 8.72 ಲಕ್ಷ, ಕೇಜ್ರಿವಾಲ್ ಅವರದು 1.85 ಲಕ್ಷ ಎಂಬುದೇ ದೊಡ್ಡ ಸುದ್ದಿಯಾಯಿತು. ಯಾವ ನಿಯಮದಡಿ, ಯಾರ ಸಹಿಯಿಂದ ಖರ್ಚಾಯಿತು, ಸರ್ಕಾರಿ ಅತಿಥಿಗೃಹ ಯಾಕೆ ಸಾಲದಾಯಿತು ಎಂಬ ಪ್ರಶ್ನೆ ಹಿಂದೆ ಬಿತ್ತು. ನಮ್ಮ ಪರಿಶೀಲನೆಯ ದೊಡ್ಡ ಕೊರತೆ ಇದೇ.

2023ರ ಜುಲೈ 17, 18ರಂದು ಕೇಂದ್ರದ ವಿರೋಧ ಪಕ್ಷಗಳ ನಾಯಕರು ತಮ್ಮ ಸಭೆಗೆಂದು ಬೆಂಗಳೂರಿಗೆ ಬಂದಾಗ ಅವರನ್ನು ಬರಮಾಡಿಕೊಳ್ಳಲು ಐಎಎಸ್ ಅಧಿಕಾರಿಗಳನ್ನು ನೇಮಿಸಲಾಗಿತ್ತು. ಅದು ಶಿಷ್ಟಾಚಾರ ಎಂದಿತು ಸರ್ಕಾರ. ಪಕ್ಷದ ಸಭೆಗೆ ಸರ್ಕಾರಿ ಅಧಿಕಾರಿಗಳು ಯಾಕೆ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಕೇಳಿದ ಬಿಜೆಪಿ ಶಾಸಕರು ಸದನದಲ್ಲಿ ಪೀಠದತ್ತ ಕಾಗದ ಹರಿದೆಸೆದದ್ದೇ ಸುದ್ದಿಯಾಯಿತು. 19ರಂದು ಮೂಡುಬಿದಿರೆಯ ಉಮಾನಾಥ ಕೋಟ್ಯಾನ್ ಸೇರಿ ಹತ್ತು ಶಾಸಕರು ಅಮಾನತಾದರು. ಪ್ರಶ್ನೆ ಗದ್ದಲದಲ್ಲಿ ಮುಳುಗಿತು. ಕೇಳಿದವರೂ ಅದನ್ನು ಕಾಪಾಡಿಕೊಳ್ಳಲಿಲ್ಲ, ಉತ್ತರಿಸಬೇಕಾದವರೂ ನುಣುಚಿಕೊಂಡರು.

ಬಂದವರಿಗೆ ಬೆಲ್ಲ-ನೀರು ಕೊಟ್ಟು ಕೂರಿಸುವ ಊರು ನಮ್ಮದು. ಅತಿಥಿಯನ್ನು ಗೌರವಿಸಬೇಡಿ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಆದರೆ ಆ ಬೆಲ್ಲ ಮನೆಯವರದು, ಹೋಟೆಲ್ ಕೋಣೆಯ ಬಾಡಿಗೆ ಖಜಾನೆಯದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರೂ ಕೇಳುವ ಮೊದಲೇ ಇಲಾಖೆಗಳು ವೆಚ್ಚದ ವಿವರ ಪ್ರಕಟಿಸಬೇಕು. ಆದರೂ ಒಂದು ಬಿಲ್ಲು ನೋಡಲು ನಾವು 10 ರೂಪಾಯಿ ಕಟ್ಟಿ, ಅರ್ಜಿ ಬರೆದು, 30 ದಿನದವರೆಗೆ ಕಾಯಬೇಕಾಗಿದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಸಕರಲ್ಲಿ ಒಂದು ಕೋರಿಕೆ. ಮುಂದಿನ ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಹಾಕಿ. ಯಾವ ಪಕ್ಷದ ಸರ್ಕಾರವೇ ಇರಲಿ, ರಾಜ್ಯ ಅತಿಥಿಗಳಿಗೂ ಸಚಿವರ ಪ್ರವಾಸಕ್ಕೂ ಆದ ಖರ್ಚನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಲು ಒತ್ತಾಯಿಸಿ.