ಫ್ಯಾಕ್ಟರಿ ಪ್ರಿಸೆಟ್: ಗಿಟಾರ್ ಪೆಟ್ಟಿಗೆಯ ಸಿದ್ಧನಾದಗಳ ಬಗ್ಗೆ ಒಂದು ವಿಮರ್ಶೆ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಒಂದು ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಡಿಜಿಟಲ್ ಆಂಪ್ ಮಾಡೆಲರ್ ಮನೆಗೆ ಬಂದ ದಿನವೇ, ಕಂಪನಿಯವರು ಅದರಲ್ಲಿ ತುಂಬಿ ಕಳಿಸಿದ ಪ್ರಿಸೆಟ್‌ಗಳನ್ನೆಲ್ಲ ಅಳಿಸಿಹಾಕಬೇಕು, ಅವು ಯಾವ ಕೆಲಸಕ್ಕೂ ಬಾರವು ಎಂಬುದು ಆ ಮಾತು. ಹೊಸದಾಗಿ ಕಲಿಯುವವರು ಮಾಡುವುದು ಇದಕ್ಕೆ ತದ್ವಿರುದ್ಧ. ಇಷ್ಟವಾದ ಒಂದು ಪ್ರಿಸೆಟ್ ಆರಿಸಿಕೊಂಡು, ಒಂದು ನಾಬನ್ನೂ ಮುಟ್ಟದೆ, ವರ್ಷಗಟ್ಟಲೆ ಅದರಲ್ಲೇ ನುಡಿಸುತ್ತಾರೆ. ನಾನು ನಿವೃತ್ತಿಯ ನಂತರ ಗಿಟಾರ್ ಹಿಡಿದ ವೈದ್ಯ. ನನ್ನ ನುಡಿಸಾಣಿಕೆಯ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆ ಎಂದು ನೋಡುವ ಚಟ ಬಲವಾಗಿದೆ. ಈ ಎರಡೂ ಪಕ್ಷಗಳನ್ನು ನಾನು ಒಪ್ಪುವುದಿಲ್ಲ. ಪ್ರಿಸೆಟ್ ಓದಿ ಕಲಿಯಲು ಬಲು ಉಪಯುಕ್ತ. ಹಾಗೆಯೇ ಎತ್ತಿ ವೇದಿಕೆಯ ಮೇಲಿಡಲು ಅಲ್ಲ. ಇದನ್ನು ನಮ್ಮ ಸಂಚಿಕೆಯಲ್ಲಿ ಬರೆಯಲು ಕಾರಣವಿದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಈಗ ನಮ್ಮ ಮಕ್ಕಳ ಬ್ಯಾಂಡ್ ಇರುತ್ತದೆ. ಅವರು ಹಾಡುವ ಕನ್ನಡ ಕೂತವರ ಕಿವಿಗೆ ಮುಟ್ಟುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಪೆಟ್ಟಿಗೆಯ ಕೈಯಲ್ಲಿದೆ.

ವಿಷಯ ಹೊಸದಾಗಿರುವವರಿಗಾಗಿ ಸ್ವಲ್ಪ ಹಿನ್ನೆಲೆ. ಎಲೆಕ್ಟ್ರಿಕ್ ಗಿಟಾರ್ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ಅದರ ನಾದದ ಅರ್ಧ ಪಾಲು ಆಂಪ್ಲಿಫೈಯರ್ ಮತ್ತು ಸ್ಪೀಕರಿನದು. ನಮ್ಮ ಬಾಲ್ಯದ ಮನೆಗಳಲ್ಲಿ ವಾಲ್ವ್ ರೇಡಿಯೋ ಇತ್ತಲ್ಲ, ಹಚ್ಚಿದ ಮೇಲೆ ಬಿಸಿಯಾಗಿ ಮಾತಾಡಲು ಒಂದು ನಿಮಿಷ ಬೇಕಾಗುತ್ತಿತ್ತಲ್ಲ, ಹಳೆಯ ಗಿಟಾರ್ ಆಂಪ್‌ಗಳಲ್ಲಿರುವುದೂ ಅಂಥ ವಾಲ್ವ್‌ಗಳೇ. ಒಂದೊಂದಕ್ಕೂ ಒಂದೊಂದು ಸ್ವಭಾವ. ಅಮೆರಿಕದ ಫೆಂಡರ್ ಟ್ವಿನ್ ರಿವರ್ಬ್ ಸ್ವಚ್ಛ, ಇಂಗ್ಲೆಂಡಿನ ವಾಕ್ಸ್ ಎಸಿ30 ಝಣಝಣ. ಲಂಡನ್ನಿನ ತಮ್ಮ ಅಂಗಡಿಯಲ್ಲಿ ಜಿಮ್ ಮಾರ್ಷಲ್ ಮತ್ತು ಸಂಗಡಿಗರು 1962ರ ಹೊತ್ತಿಗೆ ಫೆಂಡರ್ ಬಾಸ್‌ಮನ್ನಿನ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು ಕಟ್ಟಿದ ಆಂಪ್, ದನಿ ಏರಿಸಿದರೆ ಗರ್ಜಿಸುವಂಥದ್ದು. ಇವುಗಳ ತೂಕ ಮೂವತ್ತು ಕಿಲೋ ಆಸುಪಾಸು. ಒಳ್ಳೆಯ ನಾದ ಹೊರಡಬೇಕಾದರೆ ನೆರೆಮನೆಯವರು ಪೊಲೀಸರನ್ನು ಕರೆಯುವಷ್ಟು ಜೋರಾಗಿ ನುಡಿಸಬೇಕು.

ಆ ವಾಲ್ವ್, ಸ್ಪೀಕರ್, ಮೈಕ್ ಎಲ್ಲದರ ವರ್ತನೆಯನ್ನು ಲೆಕ್ಕ ಹಾಕಿ ಅನುಕರಿಸುವ ಕಂಪ್ಯೂಟರೇ ಮಾಡೆಲರ್. 1998ರಲ್ಲಿ ಬಂದ ಲೈನ್ 6 ಕಂಪನಿಯ ಪಾಡ್ ಇವನ್ನು ಮನೆಮನೆಗೆ ಮುಟ್ಟಿಸಿತು. ಕೆಂಪು ಬಣ್ಣ, ಮೂತ್ರಪಿಂಡದ ಆಕಾರ. ವೈದ್ಯರಿಗೆ ಇಷ್ಟವಾಗದೆ ಇದ್ದೀತೇ? ಅದರಲ್ಲಿ 36 ಪ್ರಿಸೆಟ್‌ಗಳಿಗೆ ಜಾಗವಿತ್ತು. ಅದೇ ಕಂಪನಿ 2015ರಲ್ಲಿ ತಂದ ಹೀಲಿಕ್ಸ್‌ನಲ್ಲಿ 1024 ಜಾಗಗಳಿವೆ. ಪ್ರಿಸೆಟ್ ಎಂದರೆ ಯಾವ ಆಂಪ್, ಯಾವ ಸ್ಪೀಕರ್, ಹಿಂದೆ ಮುಂದೆ ಯಾವ ಎಫೆಕ್ಟ್, ಯಾವ ನಾಬ್ ಎಲ್ಲಿ ನಿಂತಿದೆ ಎಂಬುದೆಲ್ಲ ಒಂದೇ ಹೆಸರಿನಡಿ ಕೂಡಿಟ್ಟ ದಾಖಲೆ.

ಹೆಸರುಗಳೇ ಒಂದು ತಮಾಷೆ. ಬೇರೆ ಕಂಪನಿಯ ಟ್ರೇಡ್‌ಮಾರ್ಕ್ ಬಳಸುವಂತಿಲ್ಲವಾದ್ದರಿಂದ ಹೀಲಿಕ್ಸ್‌ನಲ್ಲಿ ಟ್ವಿನ್ ರಿವರ್ಬ್ 'ಯುಎಸ್ ಡಬಲ್' ಆಗಿದೆ, ಎಸಿ30 'ಎಸೆಕ್ಸ್ ಎ30' ಆಗಿದೆ. ಬೋಗ್ನರ್ ಕಂಪನಿಯ ಆಂಪ್ ಒಂದರ ಹೆಸರು 'ಶಿವ'. ಹೀಲಿಕ್ಸ್‌ನವರು ಅದಕ್ಕೆ ಇಟ್ಟ ಹೆಸರು 'ಜರ್ಮನ್ ಮಹಾದೇವ'! ಸಹಸ್ರನಾಮ ಬಲ್ಲ ಯಾರೋ ಅಲ್ಲಿ ಕೆಲಸಕ್ಕಿದ್ದಾರೆ ಎಂದು ನನಗೆ ಗುಮಾನಿ.

ಪ್ರಿಸೆಟ್‌ಗಳಿಂದ ಏನು ಉಪಯೋಗ? ನಾವು ಮೆಡಿಕಲ್ ಕಾಲೇಜಿನ ಮೊದಲ ವರ್ಷ ಅನಾಟಮಿ ಹಾಲಿನಲ್ಲಿ ಕಲಿತದ್ದು ಪದರ ಪದರವಾಗಿ ಬಿಡಿಸಿ ನೋಡುವುದನ್ನು. ಪ್ರಿಸೆಟ್ಟನ್ನೂ ಹಾಗೆ ಬಿಡಿಸಬಹುದು. ತೆರೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ನಿಂತ ಚೌಕಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ, ಪ್ರತಿ ಸಲವೂ ಅದೇ ನಾಲ್ಕು ಸ್ವರ ನುಡಿಸಿ. ಡಿಸ್ಟಾರ್ಷನ್ ಸಾಮಾನ್ಯವಾಗಿ ಆಂಪಿನ ಮೊದಲು, ರಿವರ್ಬ್ ಕೊನೆಯಲ್ಲಿ ಏಕೆ ಎಂದು ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ. ಅವೆರಡನ್ನು ಅದಲುಬದಲು ಮಾಡಿದರೆ ಪ್ರತಿಧ್ವನಿಯೂ ಒಡೆದು, ಸ್ವರಗಳೆಲ್ಲ ಕಲಸಿ ಅಂಬಲಿಯಾಗುವುದನ್ನು ಕಿವಿಯೇ ಹೇಳುತ್ತದೆ. ಒಬ್ಬ ಅನುಭವಿ ಕುಶಲಕರ್ಮಿ ಸರಿಯಾಗಿ ಜೋಡಿಸಿಟ್ಟ ಸಾಲು ಕಣ್ಣೆದುರಿಗೆ ಇದ್ದಾಗ ಅದನ್ನು ಅಳಿಸಿ ಖಾಲಿ ತೆರೆಯಿಂದ ಶುರುಮಾಡು ಎಂದು ಹದಿಮೂರರ ಹುಡುಗಿಗೆ ಹೇಳುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ. ಆ ಹುಡುಗಿ ಮೂರನೆಯ ವಾರಕ್ಕೆ ಗಿಟಾರನ್ನು ಮಂಚದ ಕೆಳಗೆ ತಳ್ಳುತ್ತಾಳೆ.

ಸಿದ್ಧನಾದ ಬಳಸುವುದು ಕೀಳು ಎಂಬ ವಾದವನ್ನೂ ನಾನು ಮಾನ್ಯ ಮಾಡಲಾರೆ. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಕೀಬೋರ್ಡಿನಲ್ಲಿ ಹೊಸ ನಾದ ಕಟ್ಟುವುದು ಎಷ್ಟು ಕಷ್ಟವಾಗಿತ್ತೆಂದರೆ ದೊಡ್ಡ ದೊಡ್ಡ ಸಂಗೀತಗಾರರೂ ಕಂಪನಿ ಕೊಟ್ಟದ್ದನ್ನೇ ಬಳಸಿದರು. ಅದರ 'ಇ. ಪಿಯಾನೋ 1' ಎಂಬ ಪ್ರಿಸೆಟ್ ಆ ದಶಕದ ಅದೆಷ್ಟೋ ಇಂಗ್ಲಿಷ್ ಪ್ರೇಮಗೀತೆಗಳ ದನಿಯೇ ಆಗಿಹೋಯಿತು.

ಇನ್ನು ದೋಷದ ಕಡೆಗೆ. ಬಹುತೇಕ ಮಾಡೆಲರ್‌ಗಳಲ್ಲಿ ಎರಡು ಜಾತಿಯ ಪ್ರಿಸೆಟ್‌ಗಳಿರುತ್ತವೆ. ಒಂದು ಆಂಪ್, ಒಂದು ಸ್ಪೀಕರ್, ಚಿಟಿಕೆಯಷ್ಟು ರಿವರ್ಬ್ ಇರುವ ಸಾದಾ ಜಾತಿ, ಇವು ಉತ್ತಮ. ಇನ್ನೊಂದು ಅಂಗಡಿಯಲ್ಲಿ ಗಿರಾಕಿಯನ್ನು ಅರ್ಧ ನಿಮಿಷದಲ್ಲಿ ಮರುಳು ಮಾಡಲೆಂದೇ ಕಟ್ಟಿದ್ದು. ಎಡಬಲ ಓಡಾಡುವ ಡಿಲೇ, ದೇವಸ್ಥಾನದ ಗರ್ಭಗುಡಿಯಷ್ಟು ಗುಂಯ್ಗುಡುವ ರಿವರ್ಬ್, ಎದೆ ನಡುಗಿಸುವ ತಳದ ಸ್ವರ. ಒಂಟಿಯಾಗಿ ನುಡಿಸುವವನಿಗೆ ಅದು ಇಡೀ ವಾದ್ಯಗೋಷ್ಠಿ. ಪಕ್ಕದಲ್ಲಿ ಇನ್ನೊಬ್ಬ ನುಡಿಸಲು ಬಂದರೆ ಅವನಿಗೆ ಜಾಗವಿಲ್ಲ.

ಇದಕ್ಕಿಂತ ದೊಡ್ಡ ದೋಷ, ಪ್ರಿಸೆಟ್ ಹೇಳದೆ ಬಿಟ್ಟದ್ದು. ಮಗುವಿನ ತೂಕ ಬರೆಯದೆ ಔಷಧದ ಪ್ರಮಾಣ ಮಾತ್ರ ಬರೆದ ಚೀಟಿಯನ್ನು ಯಾವ ನರ್ಸೂ ಸ್ವೀಕರಿಸುವುದಿಲ್ಲ. ಪ್ರಿಸೆಟ್ ಮಾತ್ರ ಸಾಮಾನ್ಯವಾಗಿ ಅಂಥ ಚೀಟಿಯೇ. ಅದನ್ನು ಕಟ್ಟಿದವನ ಗಿಟಾರಿನಲ್ಲಿ ತೆಳುದನಿಯ ಸಿಂಗಲ್ ಕಾಯಿಲ್ ಇತ್ತೇ, ಅಥವಾ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ, ಗುಂಯ್ ಎಂಬ ವಿದ್ಯುತ್ ಸದ್ದನ್ನು ಅಡಗಿಸುವ, ಹೆಚ್ಚು ಬಲದ ಹಂಬಕರ್ ಇತ್ತೇ? ಒಂದಕ್ಕೆ ಹೊಂದಿಸಿದ್ದು ಇನ್ನೊಂದಕ್ಕೆ ಅತಿಯಾಗುತ್ತದೆ ಇಲ್ಲವೇ ಸಪ್ಪೆಯಾಗುತ್ತದೆ. ಅವನು ಯಾವ ಸ್ಪೀಕರಿನಲ್ಲಿ ಕೇಳಿದ? ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಜ್‌ಗಿಂತ ಮೇಲಿನದನ್ನು ತಾನಾಗಿಯೇ ಕತ್ತರಿಸುತ್ತದೆ. ಪ್ರಿಸೆಟ್ಟಿನಲ್ಲಿ ಆಗಲೇ ಸ್ಪೀಕರಿನ ಅನುಕರಣೆ ಇದ್ದು, ಅದನ್ನು ಮತ್ತೆ ನಿಜವಾದ ಗಿಟಾರ್ ಆಂಪಿಗೆ ಸಿಕ್ಕಿಸಿದರೆ ಎರಡೆರಡು ಸಲ ಕತ್ತರಿ ಬಿದ್ದು ಕಂಬಳಿ ಹೊದ್ದು ಮಾತಾಡಿದಂತಿರುತ್ತದೆ. 'ಪ್ರಿಸೆಟ್ ಕೆಟ್ಟದ್ದು' ಎಂಬ ದೂರುಗಳಲ್ಲಿ ಎಷ್ಟೋ ಈ ಜೋಡಣೆಯ ದೂರುಗಳು.

ಎಲ್ಲಕ್ಕಿಂತ ಮುಖ್ಯ, ಅವನು ಎಷ್ಟು ಜೋರಾಗಿ ಕೇಳುತ್ತಿದ್ದ? ಇಲ್ಲಿ ನನ್ನ ಹಳೆಯ ಕಸುಬು ಸಹಾಯಕ್ಕೆ ಬರುತ್ತದೆ. ನಮ್ಮ ಕಿವಿ ಎಲ್ಲ ಸ್ವರಗಳಿಗೂ ಸಮದರ್ಶಿಯಲ್ಲ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಈಗಿನ ಅಂತರರಾಷ್ಟ್ರೀಯ ಮಾನಕದ ಪ್ರಕಾರ, 1000 ಹರ್ಟ್ಜ್‌ನ 40 ಡೆಸಿಬಲ್ ಮೆಲುದನಿಗೆ ಸರಿಸಮನಾಗಿ ಕೇಳಿಸಬೇಕಾದರೆ 100 ಹರ್ಟ್ಜ್‌ನ ತಳದ ಸ್ವರಕ್ಕೆ ಸುಮಾರು 24 ಡೆಸಿಬಲ್ ಹೆಚ್ಚು ಬೇಕು. ಅದೇ 80 ಡೆಸಿಬಲ್ ಜೋರಿನಲ್ಲಾದರೆ ಸುಮಾರು 12 ಸಾಕು. ಹಾಗಾಗಿ ರಾತ್ರಿ ಮಲಗುವ ಕೋಣೆಯಲ್ಲಿ ಮೆಲ್ಲಗೆ ನುಡಿಸುತ್ತ, ತಳ ಸಾಲದೆಂದು ಏರಿಸಿಟ್ಟ ಪ್ರಿಸೆಟ್ ಸಭಾಂಗಣದಲ್ಲಿ ಗುಡುಗುತ್ತದೆ. ಅಲ್ಲಿ ಗುಡುಗಿದ್ದು ಹುಡುಗನ ಕೊಬ್ಬಲ್ಲ, ಕಿವಿಯ ಶರೀರಶಾಸ್ತ್ರ.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಒಂದು ಕಾರ್ಯಕ್ರಮದಲ್ಲಿ ಇದೇ ಆಯಿತು. ಮಕ್ಕಳು ಒಂದು ಭಾವಗೀತೆಯನ್ನು ರಾಕ್ ಶೈಲಿಯಲ್ಲಿ ಹಾಡಿದರು. ಗಿಟಾರ್ ಹುಡುಗ ಮನೆಯಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿದ್ದ ಪ್ರಿಸೆಟ್ಟನ್ನೇ ತಂದಿದ್ದ. ಹಾಡಿದ ಹುಡುಗಿಯ ಉಚ್ಚಾರಣೆ ಬಹಳ ಚೊಕ್ಕ. ಅಭ್ಯಾಸದಲ್ಲಿ ನಾನೇ ಕೇಳಿದ್ದೆ. ಅಂದು ಐದನೆಯ ಸಾಲಿನಲ್ಲಿ ಕೂತ ನನಗೆ ರಾಗ ಕೇಳಿಸಿತು, ಪದಗಳು ಕೇಳಿಸಲಿಲ್ಲ. ಹಿರಿಯರು 'ಸೌಂಡ್ ಜಾಸ್ತಿ' ಎಂದರು, 'ಈಗಿನ ಮಕ್ಕಳಿಗೆ ಕನ್ನಡ ಬರುವುದಿಲ್ಲ' ಎಂದೂ ಅಂದರು. ಎರಡನೆಯ ಮಾತು ಆ ಹುಡುಗಿಗೆ ಮಾಡಿದ ಅನ್ಯಾಯ.

ಕನ್ನಡದಲ್ಲಿ ಹಲ್ಲಿಗೂ ಹಳ್ಳಿಗೂ, ಕಲ್ಲಿಗೂ ಕಳ್ಳಿಗೂ ಇರುವ ವ್ಯತ್ಯಾಸ ನಾಲಿಗೆಯ ತುದಿ ಹಿಂದಕ್ಕೆ ಮಡಚುವುದರಲ್ಲಿದೆ. ಆ ಮಡಿಕೆಯ ಗುರುತು ದನಿಯಲ್ಲಿ ಹೆಚ್ಚಾಗಿ ಮೂಡುವುದು 2000ದಿಂದ 3000 ಹರ್ಟ್ಜ್ ಸುತ್ತಮುತ್ತ. ಸ, ಶ, ಚ ಅಕ್ಷರಗಳ ಗುರುತು ಇನ್ನೂ ಮೇಲಿದೆ. ಸ್ವರಾಕ್ಷರಗಳ ಬಲವೆಲ್ಲ ಕೆಳಗೆ, ಅರ್ಥ ಹೊರುವ ವ್ಯಂಜನಗಳ ಗುರುತು ಮೇಲೆ. ಒಡೆದ ದನಿಯ ಗಿಟಾರ್ ದಟ್ಟವಾಗಿ ತುಂಬುವುದೂ 1000ದಿಂದ 4000ದವರೆಗಿನ ಇದೇ ಬಯಲನ್ನು. ಜೊತೆಗೆ ತಳದ ಗುಡುಗು ಬೇರೆ. ಒಳಗಿವಿಯ ಶಂಖದಲ್ಲಿ ಮೇಲಿನ ಸ್ವರಗಳಿಗೆ ಬಾಗಿಲ ಬಳಿಯ ಜಾಗ, ಕೆಳಗಿನವಕ್ಕೆ ತುದಿಯ ಜಾಗ. ತಳದ ಅಲೆ ತುದಿ ಸೇರಬೇಕಾದರೆ ಮೇಲಿನ ಸ್ವರಗಳ ಜಾಗವನ್ನು ದಾಟಿಯೇ ಹೋಗಬೇಕು; ಅಲೆ ಜೋರಾದರೆ ಅವನ್ನು ಮುಸುಕುತ್ತದೆ. ಅರವತ್ತು ದಾಟಿದ ನಮ್ಮ ಕಿವಿಗಳು ಮೊದಲು ಕಳೆದುಕೊಳ್ಳುವುದೂ ಮೇಲಿನ ಸ್ವರಗಳನ್ನೇ. ಅಂದು ಸಭೆಯಲ್ಲಿ ಕನ್ನಡವನ್ನು ಚೆನ್ನಾಗಿ ಬಲ್ಲ ಹಿರಿಯರೇ ಅದನ್ನು ಕೇಳಿಸಿಕೊಳ್ಳಲಾರದೆ ಹೋದದ್ದು ಹೀಗೆ.

ಮುಂದಿನ ವರ್ಷ ಆ ಹುಡುಗನೂ ನಾನೂ ಸೇರಿ ಅದೇ ಪ್ರಿಸೆಟ್ಟನ್ನು ಸಭಾಂಗಣದಲ್ಲೇ, ಕಾರ್ಯಕ್ರಮದ ಜೋರಿನಲ್ಲೇ ತಿದ್ದಿದೆವು. ಸಾಲನ್ನು ಮುಟ್ಟಲಿಲ್ಲ, ಆಂಪನ್ನು ಬದಲಿಸಲಿಲ್ಲ. 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು. ಗಿಟಾರಿನ ಅತಿ ದಪ್ಪ ತಂತಿಯ ಸ್ವರ 82 ಹರ್ಟ್ಜ್ ಆದರೂ, ಅಲ್ಲಿ ಬಾಸ್ ಗಿಟಾರ್ ಇರುವಾಗ ನಷ್ಟವೇನಿಲ್ಲ. ಡಿಸ್ಟಾರ್ಷನ್ ಅರ್ಧಕ್ಕೆ ಇಳಿಯಿತು. ರಿವರ್ಬ್ ಬಹುತೇಕ ಹೋಯಿತು, ಏಕೆಂದರೆ ಸಭಾಂಗಣವೇ ಬೇಕಾದಷ್ಟು ಕೊಡುತ್ತದೆ. ಹಾಡು ನಡೆಯುವಾಗ 2500ರ ಸುತ್ತ ಸ್ವಲ್ಪ ತಗ್ಗಿಸಿ, ಗಿಟಾರಿನ ಸರದಿ ಬಂದಾಗ ಮರಳಿಸಲು ಕಾಲಿನ ಸ್ವಿಚ್ಚಿಗೆ ಒಂದು ಜೋಡಣೆ ಮಾಡಿದೆವು. ಒಂಟಿಯಾಗಿ ಕೇಳಿದಾಗ ನಾದ ಬಡಕಲಾಗಿತ್ತು. ಹುಡುಗ ಮುಖ ಸಣ್ಣದು ಮಾಡಿಕೊಂಡ. ಬ್ಯಾಂಡ್ ಪೂರ್ತಿ ಸೇರಿದಾಗ ಅವನ ಗಿಟಾರ್ ಹಿಂದೆಂದಿಗಿಂತ ಸ್ಪಷ್ಟವಾಗಿತ್ತು, ಹುಡುಗಿಯ ಳಕಾರ ಕೊನೆಯ ಸಾಲಿನವರೆಗೂ ಹೋಯಿತು.

ತಯಾರಕರಿಂದ ನಾನು ಬಯಸುವುದು ಸಣ್ಣದು. ಪ್ರತಿ ಪ್ರಿಸೆಟ್ಟಿನ ಜೊತೆ ಒಂದು ಸಾಲು: ಯಾವ ಪಿಕಪ್, ಯಾವ ಸ್ಪೀಕರ್, ಎಷ್ಟು ಡೆಸಿಬಲ್‌ನಲ್ಲಿ ಕೇಳಿ ಹೊಂದಿಸಿದ್ದು. ಸಾವಿರ ಜಾಗ ಕೊಡಬಲ್ಲವರಿಗೆ ಒಂದು ಸಾಲು ಭಾರವೇ? ಅಂಗಡಿಯ ಜಾತಿಯ ಪ್ರಿಸೆಟ್‌ಗಳನ್ನು ಪಟ್ಟಿಯ ಕೊನೆಗೆ ತಳ್ಳಿ, ಸಾದಾ ಜಾತಿಯವನ್ನು ಮೊದಲು ಇಟ್ಟರೆ ಇನ್ನೂ ಒಳ್ಳೆಯದು.

ತಂದೆತಾಯಂದಿರಿಗೆ ಒಂದು ಮಾತು. ಮಕ್ಕಳು ಈ ಪ್ರಿಸೆಟ್‌ಗಳನ್ನು ಹೆಚ್ಚಾಗಿ ಹೆಡ್‌ಫೋನಿನಲ್ಲಿ ನುಡಿಸುತ್ತಾರೆ. ಒಂದು ಪ್ರಿಸೆಟ್ಟಿನಿಂದ ಇನ್ನೊಂದಕ್ಕೆ ಹೋದಾಗ ದನಿ ಏಕಾಏಕಿ ಏರುವುದುಂಟು, ಎಲ್ಲವೂ ಒಂದೇ ಮಟ್ಟಕ್ಕೆ ಹೊಂದಿರುವುದಿಲ್ಲ. ಇಲ್ಲಿನ ನಯೋಷ್ ಸಂಸ್ಥೆ ಕೆಲಸದ ಸ್ಥಳಗಳಿಗೆ ಹೇಳುವ ಮಿತಿ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 94 ಡೆಸಿಬಲ್‌ಗೆ ಬಂದಾಗ ಉಳಿಯುವುದು ಒಂದೇ ಗಂಟೆ. ಪ್ರಿಸೆಟ್ ಬದಲಿಸುವ ಮುನ್ನ ಹೆಡ್‌ಫೋನಿನ ನಾಬನ್ನು ಇಳಿಸಿ, ಆಮೇಲೆ ನಿಧಾನವಾಗಿ ಏರಿಸುವುದನ್ನು ಮೊದಲ ದಿನದಿಂದಲೇ ಕಲಿಸಿ.