ಅಂಚಿನ ಸಾಕ್ಷಿ

ಬೆಂಗಳೂರಿನ ನಾಣ್ಯಮೇಳವೊಂದರಲ್ಲಿ ವ್ಯಾಪಾರಿಯೊಬ್ಬರು ರಾಣಿ ಛಾಪಿನ ಬೆಳ್ಳಿ ರೂಪಾಯಿಯನ್ನು ನನ್ನ ಅಂಗೈಗಿಟ್ಟು, ‘ರಿಮ್ ಎರರ್ ಸಾರ್, ಸಿಗೋದೇ ಇಲ್ಲ’ ಎಂದರು. ವಿಕ್ಟೋರಿಯಾಳ ಕಿರೀಟದ ನೇರ ಮೇಲೆ ಅಂಚು ಚಪ್ಪಟೆಯಾಗಿತ್ತು. ಅಷ್ಟು ಜಾಗದಲ್ಲಿ ಗೀರುಗಳೂ ಇರಲಿಲ್ಲ. ಹೇಳಿದ ಬೆಲೆ ಮಾಮೂಲಿ ರೂಪಾಯಿಯ ನಾಲ್ಕರಷ್ಟು. ಭೂತಗನ್ನಡಿ ಹಿಡಿದರೆ ಬೆಸುಗೆಯ ಬೂದು ಕಲೆ ಕಂಡಿತು. ಯಾರದೋ ಅಜ್ಜಿಯ ಕೊರಳ ಸರದಲ್ಲಿ ತೂಗಿದ್ದ ನಾಣ್ಯವದು. ಕೊಂಡಿ ಕಿತ್ತವರು ಆ ಜಾಗವನ್ನು ಅರದಿಂದ ಉಜ್ಜಿದ್ದರು.

ಅಂಚಿನ ದೋಷವಿರುವ ಬೆಳ್ಳಿ ನಾಣ್ಯಗಳಿಗೆ ಹೆಚ್ಚು ಬೆಲೆ ಕೊಡುವ ಹವ್ಯಾಸ ಈಗ ಜೋರಾಗಿದೆ. ಅದು ಹುಚ್ಚೆಂದು ನಾನು ಹೇಳಲಾರೆ. ಆದರೆ ದೋಷವನ್ನು ಓದಲು ಕಲಿಯದೆ ಅದಕ್ಕೆ ಬೆಲೆ ಕಟ್ಟುತ್ತಿದ್ದೇವೆ ಎಂಬುದು ನನ್ನ ತಕರಾರು.

ನಾಣ್ಯದ ಮುಖದ ಸುತ್ತ ಕೆರೆಯ ಏರಿಯ ಹಾಗೆ ಎದ್ದಿರುವುದು ರಿಮ್. ಬದಿಯಲ್ಲಿ ಉಗುರಿಗೆ ತಾಗುವ ಗೀರುಗಳಿರುವುದು ಎಡ್ಜ್. ಕನ್ನಡದಲ್ಲಿ ಎರಡನ್ನೂ ಅಂಚೆಂದೇ ಕರೆಯುತ್ತೇವೆ. ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಮೊದಲು ಸುತ್ತಲಿಂದ ಒತ್ತಿ ಏರಿ ಎಬ್ಬಿಸುತ್ತಾರೆ. ಆಮೇಲೆ ಅದು ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಕೂತು, ಎರಡು ಅಚ್ಚುಗಳ ನಡುವೆ ಏಟು ತಿನ್ನುತ್ತದೆ. ಹಿಗ್ಗುವ ಬೆಳ್ಳಿಯನ್ನು ಬಳೆ ತಡೆಯುತ್ತದೆ; ಬಳೆಯ ಒಳಹಲ್ಲುಗಳು ಬದಿಯಲ್ಲಿ ಗೀರಾಗಿ ಮೂಡುತ್ತವೆ.

ಯಂತ್ರಗಳು ಬರುವ ಮುಂಚೆ ಅಂಚಿನ ತಪ್ಪು ಎಂಬುದೇ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಕೈಯಿಂದ ಹೊಡೆದ ಟಿಪ್ಪುವಿನ ಇಮಾಮಿ ರೂಪಾಯಿಗಳಲ್ಲಿ ಅಕ್ಷರಗಳು ಬಿಲ್ಲೆಯಾಚೆ ಜಾರಿಹೋಗಿದ್ದರೂ ಅದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ. ನಾಣ್ಯ ಪರೀಕ್ಷಿಸುವ ಚಿನಿವಾರ ನೋಡುತ್ತಿದ್ದುದು ತೂಕ ಮತ್ತು ಬೆಳ್ಳಿಯ ಅಪ್ಪಟತನ. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರ ಕಾಟಕ್ಕೆ ಹುಟ್ಟಿದ ಕಾವಲೇ ಗೀರು, ಬರಹಗಳ ಅಂಚು. ಇಂಗ್ಲೆಂಡಿನ 1662ರ ಬೆಳ್ಳಿ ಕ್ರೌನ್ ನಾಣ್ಯದ ಬದಿಯಲ್ಲಿ ‘ಅಲಂಕಾರವೂ ಕಾವಲೂ’ ಎಂಬರ್ಥದ ಲ್ಯಾಟಿನ್ ಮಾತನ್ನೇ ಕೆತ್ತಿದರು. ನಮ್ಮಲ್ಲಿ 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿದಾಗ ಗೀರುಗಳ ನಡುವೆ ತೋಡು ಕೊರೆದ ಸೆಕ್ಯುರಿಟಿ ಎಡ್ಜ್ ಬಂತು. ಬೆಳ್ಳಿ ಇಳಿಯಿತು, ಕಾವಲು ಬಿಗಿಯಾಯಿತು. ಹೀಗೆ ಅಂಚೆಂದರೆ ಸರ್ಕಾರ ಕೊಟ್ಟ ಮಾತು. ಆ ಮಾತು ಯಂತ್ರದಲ್ಲೇ ತಪ್ಪಿದ್ದರೆ ಮಾತ್ರ ಅದು ಸಂಗ್ರಹಯೋಗ್ಯ ದೋಷ.

ಈ ಅಳತೆಗೆ ನಿಲ್ಲುವವು ಕೆಲವೇ. ಕಾಲರ್ ತನ್ನ ಜಾಗದಲ್ಲಿಲ್ಲದಾಗ ಏಟು ಬಿದ್ದರೆ ಬೆಳ್ಳಿ ರೊಟ್ಟಿಯ ಹಾಗೆ ಹರಡುತ್ತದೆ. ವ್ಯಾಸ ಹೆಚ್ಚು, ಗೀರಿಲ್ಲ, ಆದರೆ ತೂಕ ಪೂರ್ತಿ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಗೆಲ್ಲ ಒಂದೇ ರೂಪಾಯಿ ತಂದಾಗ ಗೊತ್ತುಮಾಡಿದ ತೂಕ 180 ಗ್ರೇನ್, ಅಂದರೆ ಒಂದು ತೊಲ, 11.66 ಗ್ರಾಂ. ಸವೆತವನ್ನು ಕಳೆದು ತಕ್ಕಡಿ ಅಷ್ಟೇ ತೋರಿಸಬೇಕು. ಕಾಲರ್ ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ನಾಣ್ಯದ ಬದಿ ರೈಲುಗಾಲಿಯ ಹಾಗೆ ಮೆಟ್ಟಿಲಾಗುತ್ತದೆ. ಇನ್ನು, ಏಟು ಬೀಳುವ ಮುಂಚೆಯೇ ಒಂದು ಕಡೆ ತುಂಡಾದ ಬಿಲ್ಲೆ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಏರಿ ಎಬ್ಬಿಸುವಾಗ ತುಂಡಾದ ಕಡೆ ಒತ್ತಡ ಸಿಗದ್ದರಿಂದ ಅದರ ನೇರ ಎದುರಿನ ಏರಿಯೂ ಸೊರಗುತ್ತದೆ. ಬ್ಲೇಕ್ಸ್‌ಲಿ ಪರಿಣಾಮ ಎನ್ನುವುದು ಇದಕ್ಕೇ. ಆಮೇಲೆ ಕತ್ತರಿಸಿದವನಿಗೆ ಈ ಎದುರುಸಾಕ್ಷಿಯನ್ನು ಸೃಷ್ಟಿಸುವುದು ಕಷ್ಟ.

ಹೆಚ್ಚಿನ ಒತ್ತಡಕ್ಕೆ ಬೆಳ್ಳಿ ಅಚ್ಚು-ಕಾಲರ್‌ಗಳ ಸಂದಿಯಲ್ಲಿ ನುಗ್ಗಿ ಎಬ್ಬಿಸುವ ಚೂಪು ಎಳೆಯನ್ನು ‘ವೈರ್ ರಿಮ್’ ಎಂದು ಮೆರೆಸುವುದು ನನಗೆ ಒಪ್ಪಿಗೆಯಿಲ್ಲ. ಅದು ಅಪರೂಪವೂ ಅಲ್ಲ, ಯಂತ್ರದ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ಬೀಳಿಸಿ ನೆಗ್ಗಿದ ಅಂಚಿಗಂತೂ ಟಂಕಸಾಲೆ ಹೊಣೆಯಲ್ಲ. 2021ರ ನಡುವಿನಲ್ಲಿ ಹೊಸ ವಿನ್ಯಾಸದೊಂದಿಗೆ ಬಂದ ಅಮೆರಿಕದ ಸಿಲ್ವರ್ ಈಗಲ್ ನಾಣ್ಯದ ಬದಿಯಲ್ಲಿ ಒಂದು ಗೀರು ಇಲ್ಲದಿರುವುದನ್ನು ಕಂಡು ಹೊಸಬರು ಹಿಗ್ಗುವುದುಂಟು. ಖೋಟಾ ತಡೆಯಲು ಬೇಕೆಂದೇ ಬಿಟ್ಟ ಸಂದು ಅದು. ಅಲ್ಲಿ ಗೀರುಗಳೆಲ್ಲ ಸಮನಾಗಿದ್ದರೇ ಅನುಮಾನ ಪಡಬೇಕು!

ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ ದರ್ಜೆಯ ಚೀಟಿ ಬರೆದುಕೊಡುವ ಪದ್ಧತಿ ಈ ಗೊಂದಲಕ್ಕೆ ಅರ್ಧ ಮದ್ದು. ಪರಿಣತರು ನೋಡಿದ್ದಾರೆಂಬ ಭರವಸೆ ಸಿಗುತ್ತದೆ, ನಿಜ. ಆದರೆ ಎಷ್ಟೋ ಡಬ್ಬಿಗಳು ನಾಣ್ಯವನ್ನು ಅಪ್ಪಿ ಹಿಡಿಯುವುದೇ ಅಂಚಿನಲ್ಲಿ. ಯಾವುದಕ್ಕೆ ದುಡ್ಡು ಕೊಟ್ಟೆವೋ ಅದೇ ಕಾಣದು, ತೂಗುವಂತೆಯೂ ಇಲ್ಲ. ಚೀಟಿಯನ್ನು ಓದುವವರು ಹೆಚ್ಚಾದಷ್ಟೂ ಅಂಚನ್ನು ಓದುವವರು ಕಡಿಮೆಯಾಗುತ್ತಾರೆ. ಕಣ್ಣು, ಕಿವಿ, ಒರೆಗಲ್ಲು ನೆಚ್ಚಿದ್ದ ಚಿನಿವಾರನ ಕಸುಬಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಒಂದು ತಕ್ಕಡಿ, ಒಂದು ಕ್ಯಾಲಿಪರ್, ಒಂದು ಭೂತಗನ್ನಡಿ ಜೊತೆಗಿಟ್ಟುಕೊಳ್ಳುವುದು.

ಅಂದಹಾಗೆ, ಆ ರೂಪಾಯಿಯನ್ನು ಕೊನೆಗೆ ಬೆಳ್ಳಿಯ ಬೆಲೆಗೆ ಕೊಂಡೆ. ವ್ಯಾಪಾರಿಯ ಚೀಟಿಯ ಮೇಲಿದ್ದ ‘ರಿಮ್ ಎರರ್’ ಎಂಬುದನ್ನು ಹೊಡೆದುಹಾಕಿ, ‘ಕೊಂಡಿ ಇತ್ತು’ ಎಂದು ಬರೆದಿಟ್ಟಿದ್ದೇನೆ.