‘ಇಲ್ಲ’ ಮತ್ತು ‘ತಿಳಿಯದು’: ಏಡ್ಸ್ ನಿಯಂತ್ರಣದಲ್ಲಿ ಜಿಲ್ಲೆಗಳ ವರ್ಗೀಕರಣ

ದೇಶವ್ಯಾಪಿಯಾದ ರೋಗವೊಂದನ್ನು ರಾಜಧಾನಿಯಿಂದಲೇ ತಡೆಯಲಾಗದೆಂಬುದು ಸರ್ವಸಮ್ಮತವಾದ ಮಾತು. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ಅನಂತರ ರಾಜ್ಯಗಳಲ್ಲಿ ಏಡ್ಸ್ ನಿಯಂತ್ರಣ ಸೊಸೈಟಿಗಳೂ, ಕಾರ್ಯಕ್ರಮದ ಮೂರನೆಯ ಘಟ್ಟದಲ್ಲಿ (2007–2012) ಜಿಲ್ಲಾ ಘಟಕಗಳೂ ಏರ್ಪಟ್ಟವು. ವ್ಯವಸ್ಥೆಯು ರೋಗಿಯ ಸಮೀಪಕ್ಕೆ ಬರಬೇಕೆಂಬ ಈ ತತ್ತ್ವವನ್ನು ನಾವು ಒಪ್ಪುತ್ತೇವೆ. ಆದರೆ ಯಾವ ಜಿಲ್ಲೆಗೆ ಎಷ್ಟು ಗಮನವೆಂಬುದನ್ನು ನಿರ್ಣಯಿಸಿದ ಅಳತೆಗೋಲು ವಿಮರ್ಶೆಗೆ ಅರ್ಹವಾಗಿದೆ.

ಮೂರನೆಯ ಘಟ್ಟದಲ್ಲಿ ಜಿಲ್ಲೆಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಯಿತು. ಸಮೀಕ್ಷೆಗೆ ಆಯ್ದ ಯಾವುದೇ ಪ್ರಸವಪೂರ್ವ ಚಿಕಿತ್ಸಾಲಯದಲ್ಲಿ ಗರ್ಭಿಣಿಯರ ಸೋಂಕಿನ ಪ್ರಮಾಣ ಶೇಕಡ 1ನ್ನು ಮೀರಿದ್ದರೆ ಆ ಜಿಲ್ಲೆ ಎ ವರ್ಗಕ್ಕೆ ಸೇರಿತು. ಅಲ್ಲಿ ಕಡಿಮೆಯಿದ್ದು, ಹೆಚ್ಚಿನ ಅಪಾಯಕ್ಕೆ ಒಳಗಾದ ಗುಂಪುಗಳಲ್ಲಿ ಶೇಕಡ 5ನ್ನು ಮೀರಿದ್ದರೆ ಅದು ಬಿ ವರ್ಗ. ಹೀಗೆ 156 ಜಿಲ್ಲೆಗಳು ಎ ವರ್ಗಕ್ಕೂ 39 ಜಿಲ್ಲೆಗಳು ಬಿ ವರ್ಗಕ್ಕೂ ಸೇರಿದವು. ಜಿಲ್ಲಾ ಘಟಕಗಳ ಸ್ಥಾಪನೆಯಲ್ಲಿ ಇವುಗಳಿಗೇ ಪ್ರಾಶಸ್ತ್ಯ ದೊರೆಯಿತು. ಹಣವೂ ಜನವೂ ಮಿತವಾಗಿದ್ದಾಗ ರೋಗ ಹೆಚ್ಚಿರುವೆಡೆ ಮೊದಲು ಹೋಗುವುದು ವಿವೇಕವೇ ಸರಿ. ರಾಷ್ಟ್ರೀಯ ಅಂದಾಜಿನಂತೆ 2000ದಿಂದ 2011ರ ವೇಳೆಗೆ ವರ್ಷವರ್ಷದ ಹೊಸ ಸೋಂಕುಗಳು ಶೇಕಡ 57ರಷ್ಟು ಇಳಿದುದನ್ನು ಮರೆಯುವುದು ನ್ಯಾಯವಲ್ಲ.

ನಮ್ಮ ಆಕ್ಷೇಪಣೆಯಿರುವುದು ಡಿ ವರ್ಗದ ಲಕ್ಷಣದಲ್ಲಿ. ಸೋಂಕು ಕಡಿಮೆಯೆಂದು ಕಂಡುಬಂದು, ಅಪಾಯದ ತಾಣಗಳು ಗೊತ್ತಾಗದಿದ್ದ ಜಿಲ್ಲೆಗಳೂ, ಅಂಕಿಅಂಶಗಳೇ ಇಲ್ಲದ ಅಥವಾ ಸಾಲದ ಜಿಲ್ಲೆಗಳೂ ಒಂದೇ ವರ್ಗದಲ್ಲಿ ಸೇರಿಹೋದವು. ‘ಇಲ್ಲ’ವೆಂಬುದು ಪರೀಕ್ಷೆಯ ಫಲ, ‘ತಿಳಿಯದು’ ಎಂಬುದು ಪರೀಕ್ಷೆಯ ಅಭಾವ. ಈ ಎರಡನ್ನೂ ಒಂದೇ ಅಕ್ಷರದಿಂದ ಗುರುತಿಸಿದಾಗ ಅಜ್ಞಾನವು ಆರೋಗ್ಯದ ವೇಷವನ್ನು ಧರಿಸುತ್ತದೆ. ಎಣಿಕೆಯಿಲ್ಲದೆಡೆ ಕಚೇರಿಯಿಲ್ಲ, ಕಚೇರಿಯಿಲ್ಲದೆಡೆ ಎಣಿಸುವವರೂ ವಿರಳ.

ಎಣಿಕೆಯಿದ್ದೆಡೆಯಲ್ಲಿಯೂ ಜಿಲ್ಲೆಯ ಸರಾಸರಿ ಸಾಕಾಗದು. ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಸೋಂಕು ಹಳ್ಳಿಗಳಲ್ಲಿ ಬೇರೂರಿದ್ದುದನ್ನೂ ಒಂದೇ ಜಿಲ್ಲೆಯೊಳಗೆ ಅದು ಸಮನಾಗಿ ಹರಡಿರದುದನ್ನೂ ತೋರಿಸಿತು. ಕಾಲವೂ ಚಿತ್ರವನ್ನು ಬದಲಿಸುತ್ತದೆ. 2021ರ ಅಂದಾಜಿನಲ್ಲಿ ದೇಶದ ಹೊಸ ಸೋಂಕುಗಳು 2010ಕ್ಕಿಂತ ಇಳಿದಿದ್ದರೂ ತ್ರಿಪುರ, ಅರುಣಾಚಲ ಪ್ರದೇಶಗಳಲ್ಲಿ ಏರಿದ್ದವು. ಒಮ್ಮೆ ಕಡಿಮೆಯೆನಿಸಿದುದು ಎಂದೆಂದಿಗೂ ಕಡಿಮೆಯಾಗಿಯೇ ಉಳಿಯುವುದೆಂಬ ಭರವಸೆಯಿಲ್ಲ.

ಎಲ್ಲ ಜಿಲ್ಲೆಗಳಿಗೂ ಸಮಾನವಾದ ಕಚೇರಿ ಬೇಕೆಂದು ನಾವು ವಾದಿಸುತ್ತಿಲ್ಲ. ತಿಳಿಯದ ಜಿಲ್ಲೆಗಳಿಗೆ ಪ್ರತ್ಯೇಕವಾದ ವರ್ಗವೊಂದಿರಬೇಕು. ಅಲ್ಲಿ ಸಮೀಕ್ಷೆಯೇ ಪ್ರಥಮ ಕರ್ತವ್ಯವೆನಿಸಬೇಕು. ಜಿಲ್ಲಾ ಘಟಕವು ಮೇಲಕ್ಕೆ ವರದಿ ಕಳುಹಿಸುವ ಅಂಚೆಮನೆಯಾಗಿ ನಿಲ್ಲದೆ, ತನ್ನ ತಾಲ್ಲೂಕುಗಳಲ್ಲಿ ಎಲ್ಲಿ ಹುಡುಕಬೇಕೆಂದು ತಾನೇ ನಿರ್ಧರಿಸುವ ಅಧಿಕಾರವನ್ನು ಪಡೆಯಬೇಕು. ಈ ರೋಗದ ಚಿಕಿತ್ಸೆ ಜೀವನಪರ್ಯಂತ ನಡೆಯತಕ್ಕದ್ದು, ಮತ್ತು ಅದು ಪರೀಕ್ಷೆಯ ಅನಂತರವೇ ಪ್ರಾರಂಭವಾಗತಕ್ಕದ್ದು. ಪಟ್ಟಿಯಲ್ಲಿನ ಒಂದು ತಪ್ಪು ಅಕ್ಷರದಿಂದ ಪರೀಕ್ಷೆ ತಡವಾದರೆ, ಆ ತಡಕ್ಕೆ ಬೆಲೆ ತೆರುವವನು ಪಟ್ಟಿಯನ್ನು ಬರೆದವನಲ್ಲ.